ಹಳದಿಯಾದ ಹಳೆ ರೋಬೋಟ್: ವಿಷ ಇರುವುದು ಪ್ಲಾಸ್ಟಿಕ್‌ನಲ್ಲೋ, ಪಕ್ಕದ ಬಾಟಲಿಯಲ್ಲೋ?

ಶೋಕೇಸಿನಲ್ಲಿಟ್ಟ ಹಳೆಯ ಪ್ಲಾಸ್ಟಿಕ್ ಗೊಂಬೆ ಹಳದಿಗೆ ತಿರುಗಿದರೆ ಅದು ಗಾಳಿಗೆ ವಿಷ ಬಿಡುತ್ತಿದೆ, ಕೂಡಲೇ ಬಿಸಾಡಿ ಎನ್ನುವವರಿದ್ದಾರೆ. ಬಿಸಾಡಬೇಡಿ, ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಬಿಸಿಲಿಗಿಡಿ, ಹೊಸದರಂತಾಗುತ್ತದೆ ಎನ್ನುವವರೂ ಇದ್ದಾರೆ. ಎರಡರಲ್ಲೂ ಸ್ವಲ್ಪ ಸತ್ಯವಿದೆ. ಆದರೆ ನಿಜವಾದ ಅಪಾಯದ ಬಗ್ಗೆ ಎರಡೂ ಮಾತನಾಡುವುದಿಲ್ಲ.

ಈ ಗೊಂದಲ ಹೆಚ್ಚು ಕಾಡುವುದು ಹಳೆಯ ರೋಬೋಟ್ ಮಾಡೆಲ್ ಕಿಟ್ ಸಂಗ್ರಹಿಸಿ ಜೋಡಿಸುವವರನ್ನು. ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ 'ಜೈಂಟ್ ರೋಬೋಟ್' ನೋಡಿ ಬೆಳೆದವರಿಗೆ ಈ ಹುಚ್ಚು ಅರ್ಥವಾದೀತು. ಕಿಟ್ ಎಂದರೇನು ಎಂದು ಪೀಣ್ಯದ ಮೋಲ್ಡಿಂಗ್ ಶೆಡ್ಡುಗಳಲ್ಲಿ ಕೆಲಸ ಮಾಡಿದವರಿಗೆ ವಿವರಿಸಬೇಕಿಲ್ಲ. ಪ್ಲಾಸ್ಟಿಕ್ ಕಾಳನ್ನು ಕರಗಿಸಿ, ಒತ್ತಡದಿಂದ ಉಕ್ಕಿನ ಅಚ್ಚಿನೊಳಗೆ ತುಂಬುತ್ತಾರೆ. ತಣ್ಣಗಾದ ಮೇಲೆ ಬಿಡಿಭಾಗಗಳು ಕಡ್ಡಿಯಂಥ ಚೌಕಟ್ಟಿಗೆ ಅಂಟಿಕೊಂಡೇ ಹೊರಬರುತ್ತವೆ. ಆ ಕಡ್ಡಿಯೇ ರನ್ನರ್. ಬೇರೆ ಸಾಮಾನಾದರೆ ರನ್ನರ್ ಕತ್ತರಿಸಿ ಮಾರುತ್ತಾರೆ; ಕಿಟ್‌ನಲ್ಲಿ ಆ ಕೆಲಸ ಕೊಂಡವರದ್ದು.

ಇವುಗಳಲ್ಲಿ ಹೆಚ್ಚು ಹೆಸರಾದದ್ದು ಗುಂಡಮ್. 1979ರಲ್ಲಿ ಜಪಾನಿನ ಟಿವಿಯಲ್ಲಿ ಧಾರಾವಾಹಿ ಶುರುವಾಯಿತು. 1980ರ ಜುಲೈನಲ್ಲಿ ಬಂಡಾಯ್ ಕಂಪನಿ ಮೊದಲ ಕಿಟ್ ಅನ್ನು 300 ಯೆನ್‌ಗೆ ಮಾರಾಟಕ್ಕೆ ಬಿಟ್ಟಿತು. ಕಥೆಯಲ್ಲಿ 18 ಮೀಟರ್ ಎತ್ತರದ ರೋಬೋಟ್ ಅದು. 144ರಲ್ಲಿ ಒಂದು ಭಾಗಕ್ಕೆ ಇಳಿಸಿದ ಕಿಟ್ ಸುಮಾರು 12.5 ಸೆಂಟಿಮೀಟರ್. ಈಗಿನ ಕಿಟ್‌ಗಳು ಒತ್ತಿದರೆ ಕೂರುತ್ತವೆ. ಆಗಿನವಕ್ಕೆ ಅಂಟು ಬೇಕಿತ್ತು, ಬಣ್ಣವೂ ಬೇಕಿತ್ತು. ಅಂದಹಾಗೆ, ಹಳೆಯ ಅಚ್ಚಿನಿಂದಲೇ ಕಂಪನಿಗಳು ಮತ್ತೆ ಮತ್ತೆ ಕಿಟ್ ತಯಾರಿಸುತ್ತವೆ. ರನ್ನರ್ ಮೇಲೆ 1980 ಎಂದಿದ್ದರೆ ಅದು ಅಚ್ಚಿನ ವರ್ಷ ಇರಬಹುದು. ಅದನ್ನು ನಂಬಿ 'ಅಪರೂಪದ ಹಳೆ ಮಾಲು' ಎಂದು ದುಬಾರಿ ಬೆಲೆ ಕೊಡಬೇಡಿ.

ಈಗ ಹಳದಿಯ ವಿಚಾರ. ಈ ಕಿಟ್‌ಗಳ ಮುಖ್ಯ ವಸ್ತು ಪಾಲಿಸ್ಟೈರೀನ್. ಥರ್ಮೋಕೋಲ್ ಕೂಡ ಅದೇ, ಗಾಳಿ ತುಂಬಿ ಉಬ್ಬಿಸಿದ್ದು ಅಷ್ಟೆ. ಕೀಲುಗಳಿಗೆ ಕೆಲವೊಮ್ಮೆ ಎಬಿಎಸ್ ಎಂಬ ಗಟ್ಟಿ ಪ್ಲಾಸ್ಟಿಕ್ ಬಳಸುತ್ತಾರೆ. ಬಿಸಿಲಿನ ನೇರಳಾತೀತ ಕಿರಣ ಮತ್ತು ಗಾಳಿಯ ಆಮ್ಲಜನಕ ಸೇರಿ ಪ್ಲಾಸ್ಟಿಕ್‌ನ ಮೇಲ್ಪದರದ ಅಣುಗಳನ್ನು ಬದಲಿಸುತ್ತವೆ. ಹೀಗೆ ಬದಲಾದ ಅಣುಗಳು ನೀಲಿ ಬೆಳಕನ್ನು ಹೀರಿಕೊಳ್ಳುವುದರಿಂದ ನಮ್ಮ ಕಣ್ಣಿಗೆ ಹಳದಿ ಕಾಣುತ್ತದೆ. ಹಳದಿ ಎಂದರೆ ಪ್ಲಾಸ್ಟಿಕ್‌ಗೆ ವಯಸ್ಸಾಗಿದೆ ಎಂದರ್ಥ, ವಿಷ ಉಗುಳುತ್ತಿದೆ ಎಂದಲ್ಲ.

ಭಯಕ್ಕೆ ಮೂಲ ಹೆಸರಿನ ಹೋಲಿಕೆ. ಪಾಲಿಸ್ಟೈರೀನ್ ತಯಾರಿಸಲು ಬಳಸುವ ಸ್ಟೈರೀನ್ ಎಂಬ ದ್ರವವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 'ಬಹುಶಃ ಕ್ಯಾನ್ಸರ್‌ಕಾರಕ' ಗುಂಪಿಗೆ ಸೇರಿಸಿದೆ. ಆದರೆ ಕಪಾಟಿನಲ್ಲಿ ಸುಮ್ಮನೆ ನಿಂತ ಗೊಂಬೆ ಮತ್ತೆ ಸ್ಟೈರೀನ್ ಆಗಿಬಿಡುವುದಿಲ್ಲ. ಸುಟ್ಟರೆ ಮಾತ್ರ ಸ್ಟೈರೀನ್, ಮಸಿ, ಕಾರ್ಬನ್ ಮೊನಾಕ್ಸೈಡ್ ಎಲ್ಲವೂ ಬರುತ್ತವೆ. ಉಳಿದ ರನ್ನರ್ ಚೂರುಗಳನ್ನು ಒಣ ಕಸಕ್ಕೆ ಹಾಕಿ, ಬೆಂಕಿಗಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ತಳ್ಳಿಹಾಕುವಂತಿಲ್ಲ. ಬ್ರಿಟನ್ನಿನ ಪ್ಲಿಮತ್ ವಿಶ್ವವಿದ್ಯಾಲಯ ಬಳಸಿದ 200 ಪ್ಲಾಸ್ಟಿಕ್ ಆಟಿಕೆಗಳನ್ನು ಪರೀಕ್ಷಿಸಿ 2018ರಲ್ಲಿ ವರದಿ ಪ್ರಕಟಿಸಿತು. ಕೆಂಪು, ಹಳದಿ, ಕಪ್ಪು ಬಣ್ಣದ ಆಟಿಕೆಗಳಲ್ಲಿ ಸೀಸ, ಕ್ಯಾಡ್ಮಿಯಂನಂಥ ಲೋಹಗಳು ಹೆಚ್ಚಾಗಿ ಕಂಡವು. ಇಲ್ಲಿನ ಹಳದಿ ಎಂದರೆ ಕಾರ್ಖಾನೆಯಲ್ಲೇ ಬೆರೆಸಿದ ಬಣ್ಣ, ವಯಸ್ಸಿನ ಹಳದಿಯಲ್ಲ. ಇದನ್ನು ನೋಡಿದರೆ ಸಾಕು, ತೊಂದರೆಯಿಲ್ಲ. ಮಗು ಬಾಯಿಗಿಟ್ಟು ಚೀಪಿದರೆ ತೊಂದರೆ. ನಮ್ಮಲ್ಲಿ 14 ವರ್ಷದೊಳಗಿನ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯವಾದದ್ದು 2021ರ ಜನವರಿಯಿಂದ. ಹಳೆಯ ಕಿಟ್‌ಗೆ ಅಂಥ ಪರೀಕ್ಷೆ ಆಗಿರುವುದಿಲ್ಲ. ಅದು ದೊಡ್ಡವರ ಕಪಾಟಿನಲ್ಲೇ ಇರಲಿ.

ಪೆರಾಕ್ಸೈಡ್ ಉಪಾಯ ಕೆಲಸ ಮಾಡುತ್ತದೆ, ಆದರೆ ಮೇಲ್ಮೇಲೆ. ಅದು ಬಣ್ಣವನ್ನು ತೆಗೆಯುತ್ತದೆ, ತುಂಡಾದ ಅಣುಗಳನ್ನು ಕೂಡಿಸುವುದಿಲ್ಲ. ಹಳದಿ ಮತ್ತೆ ಬರುವುದುಂಟು, ಪಟ್ಟೆಪಟ್ಟೆಯಾಗಿ ಬಿಳಿಚಿಕೊಳ್ಳುವುದೂ ಉಂಟು. ಸಲೂನ್‌ನಲ್ಲಿ ಸಿಗುವ 40 ವಾಲ್ಯೂಮ್ ಕ್ರೀಮ್ ಎಂದರೆ ಶೇ. 12ರ ಪೆರಾಕ್ಸೈಡ್; ಚರ್ಮ ಸುಡುತ್ತದೆ, ಕಣ್ಣಿಗಂತೂ ಬಹಳ ಅಪಾಯ. ಕೈಗವಸು, ಕನ್ನಡಕ ಎರಡೂ ಬೇಕು. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಬೇಡಿ, ಒಳಗೆ ಆಮ್ಲಜನಕ ತುಂಬಿ ಸಿಡಿಯಬಹುದು.

ನಮ್ಮ ಲೆಕ್ಕದಲ್ಲಿ ಇವೆಲ್ಲಕ್ಕಿಂತ ದೊಡ್ಡ ಅಪಾಯ ಥಿನ್ನರ್. ಮಾಡೆಲ್‌ಗೆಂದೇ ಬರುವ ಅಂಟು, ಬಣ್ಣ ದುಬಾರಿ. ಅದಕ್ಕೇ ಹಲವರು ಹಾರ್ಡ್‌ವೇರ್ ಅಂಗಡಿಯ ಎನ್‌ಸಿ ಥಿನ್ನರ್ ತರುತ್ತಾರೆ. ಅದು ಪೀಠೋಪಕರಣ, ಗಾಡಿಗಳ ಬಣ್ಣಕ್ಕೆ ಮಾಡಿದ್ದು. ಟಾಲ್ವೀನ್‌ನಂಥ ದ್ರಾವಕಗಳ ಮಿಶ್ರಣ. ತೆಳ್ಳನೆಯ ಭಾಗಗಳನ್ನು ಕರಗಿಸಿಯೇ ಬಿಡುತ್ತದೆ. ಪ್ಲಾಸ್ಟಿಕ್ ಹೋದರೆ ಹೋಗಲಿ, ಅದರ ಆವಿ ತಲೆಸುತ್ತು, ತಲೆನೋವು ತರುತ್ತದೆ. ದಿನವೂ ಉಸಿರಾಡಿದರೆ ನರಗಳಿಗೇ ಹಾನಿ. ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ನಿಲ್ಲುತ್ತದೆ. ಮನೆಯಲ್ಲಿ ನೆಲದ ಮೇಲೆ ಇರುವವರು ಯಾರು? ತೆವಳುವ ಮಗು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಫ್ಲ್ಯಾಟ್‌ಗಳಲ್ಲಿ ಎ.ಸಿ. ಹಾಕಿ ಗಾಜು ಮುಚ್ಚಿದರೆ ಆವಿ ಒಳಗೇ ಸುತ್ತುತ್ತದೆ. ಪಕ್ಕದಲ್ಲಿ ದೇವರ ದೀಪವೋ ಗ್ಯಾಸ್ ಒಲೆಯೋ ಉರಿಯುತ್ತಿದ್ದರೆ ಬೆಂಕಿಯೇ ಹತ್ತಬಹುದು. ಇನ್ನು ಎನ್95 ಮಾಸ್ಕ್ ಇದೆಯಲ್ಲ ಎಂದುಕೊಳ್ಳಬೇಡಿ. ಅದು ಉಜ್ಜುಕಾಗದದ ಧೂಳನ್ನು ತಡೆಯುತ್ತದೆ, ಆವಿಯನ್ನಲ್ಲ. ಆವಿಗೆ ಇದ್ದಿಲಿನ ಕಾರ್ಟ್ರಿಡ್ಜ್ ಇರುವ ಮಾಸ್ಕೇ ಬೇಕು. ಜೊತೆಗೆ ಎರಡು ಕಡೆ ತೆರೆದ ಕಿಟಕಿಯೂ ಬೇಕು.

ಕೊನೆಯದಾಗಿ, ಇದನ್ನು ಮಾತ್ರ ಖಂಡಿತ ಫಾರ್ವರ್ಡ್ ಮಾಡಿ. ಬಿಡಿಯಾಗಿ ಕೊಂಡ ಥಿನ್ನರ್ ಅನ್ನು ನೀರಿನ ಬಾಟಲಿಗೆ ಸುರಿದಿಡಬೇಡಿ. ನೋಡಲು ಅದು ನೀರಿನಂತೆಯೇ ಇರುತ್ತದೆ. ಯಾರಾದರೂ ಕುಡಿದುಬಿಟ್ಟರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ವಾಂತಿಯಾಗುವಾಗ ದ್ರಾವಕ ಶ್ವಾಸಕೋಶಕ್ಕೆ ಇಳಿದರೆ ಹೊಟ್ಟೆಯಲ್ಲಿದ್ದಾಗಿಗಿಂತ ಹೆಚ್ಚು ಕೇಡು. ಬಾಟಲಿಯನ್ನೂ ಕೈಯಲ್ಲಿ ಹಿಡಿದು ನೇರ ಆಸ್ಪತ್ರೆಗೆ ಹೋಗಿ. ಕುಡಿದದ್ದು ಏನೆಂದು ವೈದ್ಯರಿಗೆ ಗೊತ್ತಾಗಬೇಕು.