ಶವರ್‌ಗೆ ಹುಳಿ ಮದ್ದು

ಅಂದು ಬೆಳಿಗ್ಗೆ ಹತ್ತು ಗಂಟೆಗೆ ಸಂದರ್ಶನ. ಎಂಟೂವರೆಗೆ ತಲೆಗೆ ಶಾಂಪೂ ಹಚ್ಚಿಕೊಂಡು ಶವರ್ ತಿರುಗಿಸಿದರೆ ನೀರು ಬಂದಿದ್ದು ಮೂರೇ ಮೂರು ಎಳೆ. ಒಂದು ಗೋಡೆಗೆ, ಇನ್ನೊಂದು ಬಾಗಿಲಿಗೆ, ಉಳಿದ ಒಂದು ಮಾತ್ರ ನನ್ನ ತಲೆಗೆ. ಬಕೆಟ್‌ಗೆ ಹಿಡಿಯೋಣವೆಂದರೆ ಕೆಳಗಿನ ನಲ್ಲಿ ಕೆಟ್ಟು ವಾರವಾಗಿತ್ತು. ಅರ್ಧಂಬರ್ಧ ತೊಳೆದುಕೊಂಡು ಬಸ್ಸಿಗೆ ಓಡಿದೆ. ಸಂದರ್ಶನದ ಉದ್ದಕ್ಕೂ ನನ್ನ ಗಮನವೆಲ್ಲ ಕಿವಿಯ ಹಿಂದೆ ಒಣಗುತ್ತಿದ್ದ ನೊರೆಯ ಮೇಲೆಯೇ. ಕೆಲಸ ಸಿಗಲಿಲ್ಲ. ಅದಕ್ಕೆ ಶವರ್ ಕಾರಣ ಎಂದರೆ ಸುಳ್ಳಾಗುತ್ತದೆ, ಕೇಳಿದ ಎರಡು ಪ್ರಶ್ನೆಗಳಿಗೆ ನನಗೆ ಉತ್ತರವೇ ಗೊತ್ತಿರಲಿಲ್ಲ. ಆದರೂ ಸಿಟ್ಟು ತೀರಿಸಿಕೊಳ್ಳಲು ಕೈಗೆ ಸಿಕ್ಕಿದ್ದು ಶವರ್ರೇ.

ನನ್ನೂರು ತೀರ್ಥಹಳ್ಳಿ ಕಡೆಯದು. ಅಲ್ಲಿ ಬಚ್ಚಲುಮನೆಯಲ್ಲಿ ಒಲೆಯ ಮೇಲೆ ತಾಮ್ರದ ಹಂಡೆ, ಕೈಯಲ್ಲಿ ಚೊಂಬು. ಸೋಪು ಸ್ವಲ್ಪ ಉಜ್ಜಿದರೆ ಸಾಕು, ನೊರೆಯೋ ನೊರೆ. ಬೆಂಗಳೂರಿನ ಹೊರವಲಯದ ಈ ಬಾಡಿಗೆ ಮನೆಯಲ್ಲಿ ಎಲ್ಲವೂ ತಲೆಕೆಳಗು. ಕಾವೇರಿ ನೀರಿನ ಸಂಪರ್ಕವಿಲ್ಲ, ಬೋರ್‌ವೆಲ್ಲೇ ಗತಿ. ಸೋಪು ಸವೆದರೂ ನೊರೆ ಬಾರದು. ನಲ್ಲಿ, ಟೈಲ್ಸ್, ಬಕೆಟ್ ಎಲ್ಲದರ ಮೇಲೂ ಸುಣ್ಣ ಬಳಿದಂತೆ ಬಿಳಿ ಕಲೆ.

ಪಿಯುಸಿಯಲ್ಲಿ ‘ಗಡಸು ನೀರು’ ಎಂಬ ಪಾಠವನ್ನು ನಾನು ಉರು ಹೊಡೆದು ಪಾಸಾದವನು. ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಕರಗಿರುವ ನೀರು ಎಂದು ಬರೆದು ಅಂಕ ತೆಗೆದುಕೊಂಡಿದ್ದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರವರೆಗೆ ಆಗಬಹುದು ಎನ್ನುತ್ತದೆ ಭಾರತೀಯ ಮಾನಕ. ಆ ಪಾಠ ಶವರ್‌ನ ತೂತಿನಲ್ಲಿ ಕೂತಿರುತ್ತದೆಂದು ಮಾತ್ರ ಅಂದುಕೊಂಡಿರಲಿಲ್ಲ. ಸ್ನಾನ ಮುಗಿದ ಮೇಲೆ ಪ್ರತಿ ತೂತಿನಲ್ಲೂ ಒಂದು ಹನಿ ಉಳಿಯುತ್ತದೆ. ನೀರು ಆರುತ್ತದೆ, ಲವಣ ಅಲ್ಲೇ ಕೂರುತ್ತದೆ. ಮರುದಿನ ಅದರ ಮೇಲೆ ಇನ್ನೊಂದು ಪದರ. ಗೀಸರ್‌ನಲ್ಲಿ ಕಾದ ನೀರಿನಿಂದ ಸುಣ್ಣ ಇನ್ನೂ ಬೇಗ ಬೇರ್ಪಡುತ್ತದೆ. ಸೋಪಿನ ಜೊತೆ ಇದೇ ಲವಣ ಸೇರಿದರೆ ಗೋಡೆಗೆ ಅಂಟುವ ಬೂದು ಜಿಡ್ಡು. ಒಂದು ವರ್ಷ ಮೂವರು ಗೆಳೆಯರು ಬಳಸಿದೆವು, ಒಬ್ಬರೂ ಕತ್ತೆತ್ತಿ ನೋಡಲಿಲ್ಲ.

ನೋಡಿದ್ದು ಮನೆ ಮಾಲೀಕರು. ಗೀಸರ್ ಪರೀಕ್ಷಿಸಲು ಬಂದವರು ಬಾತ್‌ರೂಮ್ ಬಾಗಿಲಲ್ಲೇ ನಿಂತು, ‘ಹಿಂಗೇ ಇಟ್ಕೊಂಡ್ರೆ ಖಾಲಿ ಮಾಡುವಾಗ ಅಡ್ವಾನ್ಸ್‌ನಲ್ಲಿ ಹಿಡ್ಕೋಬೇಕಾಗುತ್ತೆ ನೋಡ್ರಪ್ಪಾ’ ಎಂದರು. ಮೂವರಲ್ಲಿ ಇಬ್ಬರಿಗೆ ಕೆಲಸವಿಲ್ಲ. ಅಡ್ವಾನ್ಸ್‌ನಲ್ಲಿದ್ದ ನನ್ನ ಪಾಲು ಅಪ್ಪ ಅಡಿಕೆ ಮಾರಿ ಕೊಟ್ಟ ದುಡ್ಡು. ಅಂದೇ ಸಂಜೆ ಕ್ಲೀನಿಂಗ್ ಶುರು.

ಶುರುವಾದದ್ದು ದೊಡ್ಡ ತಪ್ಪಿನಿಂದ. ರೂಮ್‌ಮೇಟ್ ಟಾಯ್ಲೆಟ್‌ಗೆ ಹಾಕುವ ಆ್ಯಸಿಡ್ ತಂದು ಗೋಡೆಗೆ ಸುರಿದ. ಸಾಲದೆಂದು ಮೇಲೆ ಬ್ಲೀಚಿಂಗ್ ಪೌಡರ್ ಎರಚಿದ. ಕ್ಷಣದಲ್ಲಿ ಮೂಗು, ಗಂಟಲು ಉರಿಯುವ ಘಾಟು. ಕೆಮ್ಮುತ್ತಾ ಹೊರಗೆ ಓಡಿಬಂದವನ ಕಣ್ಣು ಕೆಂಡದಂತಾಗಿತ್ತು. ಆ್ಯಸಿಡ್ ಮತ್ತು ಬ್ಲೀಚ್ ಸೇರಿದರೆ ಏಳುವುದು ಕ್ಲೋರಿನ್ ಅನಿಲ. ಕಿಟಕಿಯೇ ಇಲ್ಲದ ಪುಟ್ಟ ಬಾತ್‌ರೂಮಿನಲ್ಲಿ ಅದು ಜೀವಕ್ಕೇ ಅಪಾಯ. ಅವನನ್ನು ಕ್ಲಿನಿಕ್ಕಿಗೆ ಕರೆದೊಯ್ದೆವು, ರಾತ್ರಿ ಹೊತ್ತಿಗೆ ಸುಧಾರಿಸಿಕೊಂಡ. ಈ ಲೇಖನದಲ್ಲಿ ಒಂದೇ ಸಾಲು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ಎರಡು ಕ್ಲೀನರ್‌ಗಳನ್ನು ಎಂದೂ ಬೆರೆಸಬೇಡಿ.

ಅಷ್ಟೆಲ್ಲ ಆದಮೇಲೂ ಶವರ್ ಹಾಗೇ ಕಟ್ಟಿಕೊಂಡಿತ್ತು. ಅಮ್ಮನಿಗೆ ಫೋನ್ ಮಾಡಿದಾಗ ಬಾಯಿತಪ್ಪಿ ಹೇಳಿಬಿಟ್ಟೆ. ಅವಳು ನಕ್ಕಳು. ‘ಅಯ್ಯೋ ಮಾರಾಯ, ಹಂಡೆಗೆ ನಾನು ಏನ್ ಹಾಕಿ ತಿಕ್ತೀನಿ ಅಂತ ಒಂದಿನಾನೂ ನೋಡಿಲ್ವೇನಾ? ಹುಳಿ ಹಚ್ಚಿ ಹಂಗೇ ಬಿಡು. ಅದರ ಕೆಲಸ ಅದು ಮಾಡ್ಲಿ. ಆಮೇಲೆ ತಿಕ್ಕು.’

ಹುಣಸೆಹಣ್ಣಿನ ಹುಳಿ ತಾಮ್ರದ ಕಲೆ ಬಿಡಿಸುವಂತೆಯೇ, ವಿನೆಗರ್‌ನ ಹುಳಿ ಸುಣ್ಣದ ಕಲೆಯನ್ನು ಕರಗಿಸುತ್ತದೆ. ದಿನಸಿ ಅಂಗಡಿಯಿಂದ ಬಿಳಿ ವಿನೆಗರ್ ತಂದೆ. ಒಂದು ಪ್ಲಾಸ್ಟಿಕ್ ಕವರ್‌ಗೆ ಅರ್ಧದಷ್ಟು ಸುರಿದು, ಶವರ್‌ನ ಮುಖ ಮುಳುಗುವಂತೆ ಏರಿಸಿ, ಕುತ್ತಿಗೆಗೆ ರಬ್ಬರ್ ಬ್ಯಾಂಡ್ ಹಾಕಿದೆ. ಸ್ವಲ್ಪ ಹೊತ್ತಿಗೆ ಸಣ್ಣ ಸಣ್ಣ ಗುಳ್ಳೆ ಏಳತೊಡಗಿದವು. ಅದು ಇಂಗಾಲದ ಡೈಆಕ್ಸೈಡ್, ಸುಣ್ಣ ಕರಗುತ್ತಿರುವ ಗುರುತು. ಒಂದು ಗಂಟೆ ಬಿಟ್ಟು ಕವರ್ ತೆಗೆದು, ಹಳೆಯ ಟೂತ್‌ಬ್ರಷ್‌ನಲ್ಲಿ ತಿಕ್ಕಿ, ಹಟ ಹಿಡಿದ ತೂತುಗಳಿಗೆ ಗುಂಡುಪಿನ್ನು ಹಾಕಿದೆ. ತೂತುಗಳು ರಬ್ಬರಿನದಾಗಿದ್ದರೆ ಪಿನ್ನು ಬೇಡ, ಹೆಬ್ಬೆರಳಲ್ಲಿ ಉಜ್ಜಿದರೆ ಸಾಕು.

ಆಮೇಲೆ ಗೀರು ಬೀಳದಂತೆ ಬಟ್ಟೆ ಸುತ್ತಿ, ಸ್ಪ್ಯಾನರ್‌ನಿಂದ ಶವರ್ ಬಿಚ್ಚಿದೆ. ಒಳಗಿದ್ದ ಪುಟ್ಟ ಜಾಲರಿಯಲ್ಲಿ ಒಂದು ಚಮಚದಷ್ಟು ಮರಳು! ತೊಳೆದು, ತಿರುಪಿನ ಭಾಗಕ್ಕೆ ಟೆಫ್ಲಾನ್ ಟೇಪ್ ಸುತ್ತಿ ಮರಳಿ ಕೂರಿಸಿದೆ. ನಲ್ಲಿ ತಿರುಗಿಸಿದರೆ ನೀರು ಛತ್ರಿ ಬಿಚ್ಚಿದಂತೆ ಬಂತು. ಮೂವರೂ ಬಟ್ಟೆ ಒದ್ದೆ ಮಾಡಿಕೊಂಡು ಕೇಕೆ ಹಾಕಿದೆವು.

ಕೆಲವು ಎಚ್ಚರಿಕೆಗಳನ್ನು ಆಮೇಲೆ ಕಲಿತೆ. ವಿನೆಗರ್ ಹಾಕಿ ರಾತ್ರಿಯಿಡೀ ಬಿಡಬಾರದು, ಶವರ್‌ನ ಹೊಳಪು ಹೋದೀತು. ಅಮೃತಶಿಲೆಯ ನೆಲಕ್ಕಂತೂ ಯಾವ ಹುಳಿಯೂ ಬೇಡ, ಕಲ್ಲೇ ಸವೆಯುತ್ತದೆ. ಪದೇ ಪದೇ ಆ್ಯಸಿಡ್ ಸುರಿದರೆ ಟೈಲ್ಸ್ ಸಂದಿನ ಸಿಮೆಂಟೂ ಕಿತ್ತುಬರುತ್ತದೆ. ಗೋಡೆಯ ಸೋಪಿನ ಜಿಡ್ಡಿಗೆ ಪಾತ್ರೆ ತೊಳೆಯುವ ಲಿಕ್ವಿಡ್, ಬಿಸಿನೀರು, ಸ್ಪಂಜು ಸಾಕು. ಊರಿಗೆ ಹೋಗಿ ವಾರಗಟ್ಟಲೆ ಬಿಟ್ಟು ಬಂದರೆ, ಕೆಳಗೆ ನಿಲ್ಲುವ ಮೊದಲು ಶವರ್‌ನ ನೀರನ್ನು ಒಂದೆರಡು ನಿಮಿಷ ಹರಿಯಲು ಬಿಡಬೇಕು. ನಿಂತ ನೀರಿನಲ್ಲಿ ರೋಗಾಣು ಬೆಳೆದಿರಬಹುದು.

ಈಗ ನಮ್ಮ ಬಾತ್‌ರೂಮ್ ಬಾಗಿಲ ಹಿಂದೆ ಒಂದು ವೈಪರ್ ತೂಗುತ್ತಿದೆ. ಸ್ನಾನ ಮುಗಿಸಿದವನು ಗೋಡೆ, ನೆಲದ ನೀರು ಎಳೆದು, ಬಾಗಿಲು ತೆರೆದಿಟ್ಟು ಹೊರಬರಬೇಕು. ಒಂದು ನಿಮಿಷದ ಕೆಲಸ. ಒದ್ದೆ ಆರಿದರೆ ಕಪ್ಪು ಬೂಷ್ಟಿಗೆ ಜಾಗವಿಲ್ಲ. ತಿಂಗಳಿಗೊಮ್ಮೆ ಶವರ್‌ಗೆ ವಿನೆಗರ್ ಕವರ್, ಸರದಿಯಂತೆ. ಮೊನ್ನೆ ಬಾಡಿಗೆಗೆ ಬಂದ ಮಾಲೀಕರು ಬಾತ್‌ರೂಮಿಗೆ ಇಣುಕಿ, ಏನೂ ಹೇಳದೆ ಹೋದರು. ಮಾಲೀಕರ ಮೌನಕ್ಕಿಂತ ದೊಡ್ಡ ಸರ್ಟಿಫಿಕೇಟ್ ಉಂಟೇ?

ಆದರೆ ಅಮ್ಮನ ಪ್ರಶ್ನೆ ಮಾತ್ರ ಒಳಗೇ ಉಳಿದಿತ್ತು. ಇಪ್ಪತ್ತೆರಡು ವರ್ಷ ಆ ಹಂಡೆಯ ನೀರಲ್ಲಿ ಮಿಂದವನು ನಾನು. ಅದನ್ನು ಯಾರು, ಯಾವಾಗ, ಏನು ಹಾಕಿ ತಿಕ್ಕುತ್ತಾರೆಂದು ನಿಜವಾಗಿಯೂ ನೋಡಿರಲಿಲ್ಲ. ಬಚ್ಚಲು ತಾನಾಗಿಯೇ ಸ್ವಚ್ಛವಿರುತ್ತದೆ ಎಂದುಕೊಂಡಿದ್ದೆ.

ದೀಪಾವಳಿಗೆ ಊರಿಗೆ ಹೋದೆ. ನೀರು ತುಂಬುವ ಹಬ್ಬದ ದಿನ ಅಮ್ಮ ಹುಣಸೆಹಣ್ಣು ನೆನೆಹಾಕಿ ಇಟ್ಟಿದ್ದಳು. ನಾನು ಪಂಚೆ ಮೇಲೆ ಕಟ್ಟಿ ಬಚ್ಚಲಿಗಿಳಿದೆ. ಹುಳಿ ಹಚ್ಚಿ, ಕಾದು, ಆಮೇಲೆ ತಿಕ್ಕಿದೆ. ಹಂಡೆ ಕೆಂಪಗೆ ಹೊಳೆಯುತ್ತಾ ಬಂತು. ಹೊಸ್ತಿಲ ಮೇಲೆ ಕೂತು ನೋಡುತ್ತಿದ್ದ ಅಮ್ಮ, ‘ತಳದಲ್ಲಿ ಇನ್ನೂ ಇದೆ ನೋಡು’ ಎಂದಳು.

ಇತ್ತು. ಮತ್ತೆ ತಿಕ್ಕಿದೆ.