ತಂತ್ರಾಂಶದ ತಪಾಸಣೆ ಮತ್ತು ಜೆಂಕಿನ್ಸ್

2025ರ ಸೆಪ್ಟೆಂಬರ್ 22ರಿಂದ ಜಿ.ಎಸ್.ಟಿ. ದರಗಳು ಬದಲಾದಾಗ ವರ್ತಕರ ಬಿಲ್ಲಿಂಗ್ ತಂತ್ರಾಂಶಗಳೂ ಅಂದಿನಿಂದಲೇ ಬದಲಾಗಬೇಕಾಯಿತು. ತಂತ್ರಾಂಶದಲ್ಲಿ ಒಂದು ದರವನ್ನು ತಿದ್ದುವುದು ದೊಡ್ಡ ಕೆಲಸವಲ್ಲ. ಆ ತಿದ್ದುಪಡಿಯಿಂದ ಬೇರೆಲ್ಲಿಯೂ ಲೆಕ್ಕ ಕೆಟ್ಟಿಲ್ಲವೆಂದು ಖಚಿತಪಡಿಸಿಕೊಳ್ಳುವುದು, ಅನಂತರ ಎಲ್ಲ ಗಣಕಯಂತ್ರಗಳಿಗೂ ಒಂದೇ ಆವೃತ್ತಿಯನ್ನು ತಲುಪಿಸುವುದು, ಇವೇ ಕಠಿಣವಾದ ಕೆಲಸಗಳು.

ತಲುಪಿಸುವಲ್ಲಿ ಎಡವಿದ ಸಂಸ್ಥೆ ಅಮೆರಿಕದ ನೈಟ್ ಕ್ಯಾಪಿಟಲ್. ಷೇರು ವಹಿವಾಟಿನ ಈ ಸಂಸ್ಥೆ 2012ರ ಜುಲೈ ಅಂತ್ಯದಲ್ಲಿ ತನ್ನ ಎಂಟು ಸರ್ವರ್‌ಗಳಿಗೆ ಹೊಸ ತಂತ್ರಾಂಶವನ್ನು ಹಾಕಬೇಕಾಗಿತ್ತು. ತಂತ್ರಜ್ಞನು ಒಂದು ಸರ್ವರನ್ನು ಬಿಟ್ಟನು. ಮತ್ತೊಬ್ಬರು ಪರಿಶೀಲಿಸಲಿಲ್ಲ; ಪರಿಶೀಲಿಸಬೇಕೆಂಬ ಲಿಖಿತ ನಿಯಮವೂ ಇರಲಿಲ್ಲ. ಆಗಸ್ಟ್ 1ರ ಬೆಳಿಗ್ಗೆ ಆ ಸರ್ವರಿನಲ್ಲಿ ಉಳಿದಿದ್ದ, ಬಳಕೆ ತಪ್ಪಿದ ಹಳೆಯ ಭಾಗವು ಚಾಲನೆಗೊಂಡಿತು. ಗ್ರಾಹಕರ 212 ಆದೇಶಗಳನ್ನು ಪೂರೈಸಹೊರಟು ಸುಮಾರು 45 ನಿಮಿಷಗಳಲ್ಲಿ 40 ಲಕ್ಷ ವಹಿವಾಟುಗಳು ನಡೆದುಹೋದವು. ನಷ್ಟ 46 ಕೋಟಿ ಡಾಲರ್‌ಗೂ ಹೆಚ್ಚು. ನಗದು ಪುಸ್ತಕ ಬರೆದವನೇ ಅದನ್ನು ತಾಳೆ ನೋಡಬಾರದೆಂಬ ಲೆಕ್ಕಪರಿಶೋಧನೆಯ ಹಳೆಯ ನಿಯಮವನ್ನು ಅಲ್ಲಿ ಯಾರೂ ತಂತ್ರಾಂಶಕ್ಕೆ ಅನ್ವಯಿಸಿರಲಿಲ್ಲ.

ಈ ತಾಳೆ ನೋಡುವಿಕೆಯನ್ನೂ ರವಾನೆಯನ್ನೂ ಯಂತ್ರಕ್ಕೇ ವಹಿಸಿಕೊಡುವ ಸಾಧನಗಳಲ್ಲಿ ಪ್ರಸಿದ್ಧವಾದುದು ಜೆಂಕಿನ್ಸ್. ತಂತ್ರಾಂಶ ಬರೆಯುವವರು ತಮ್ಮ ತಿದ್ದುಪಡಿಯನ್ನು ಸಾಮಾನ್ಯ ಭಂಡಾರಕ್ಕೆ ಸೇರಿಸಿದೊಡನೆ ಅದು ಇಡೀ ತಂತ್ರಾಂಶವನ್ನು ಹೊಸದಾಗಿ ಕಟ್ಟಿ, ನಿಗದಿಪಡಿಸಿದ ಪರೀಕ್ಷೆಗಳಿಗೆ ಒಡ್ಡುತ್ತದೆ. ಒಂದು ಪರೀಕ್ಷೆ ವಿಫಲವಾದರೂ ಕೆಲಸವನ್ನು ತಡೆದು ವರದಿ ಮಾಡುತ್ತದೆ. ಎಲ್ಲವೂ ಸರಿಯಿದ್ದರೆ ಸೂಚಿಸಿದ ಸರ್ವರ್‌ಗಳಿಗೆಲ್ಲ ಕಳುಹಿಸಿ ದಾಖಲೆ ಇಡುತ್ತದೆ. ದಿನದ ನಗದನ್ನು ಅಂದೇ ತಾಳೆ ನೋಡುವ ಅಂಗಡಿಯಲ್ಲಿ ವ್ಯತ್ಯಾಸ ಬೇಗ ಸಿಕ್ಕುವಂತೆ, ಇಲ್ಲಿಯೂ ತಪ್ಪು ಬೇಗ ಸಿಕ್ಕುತ್ತದೆ. ಆದರೆ ಮನುಷ್ಯರು ಬರೆದಿಡದ ಪರೀಕ್ಷೆಯನ್ನು ಯಂತ್ರವು ತಾನಾಗಿ ಮಾಡಲಾರದು.

ಇದರ ಹೆಸರಿನ ಕಥೆಯನ್ನು ವರ್ತಕರು ತಿಳಿದಿರಬೇಕು. ಕೊಹ್ಸುಕೆ ಕಾವಾಗುಚಿಯವರು ಸನ್ ಮೈಕ್ರೋಸಿಸ್ಟಮ್ಸ್‌ನಲ್ಲಿದ್ದಾಗ 2004ರಲ್ಲಿ ಇದನ್ನು 'ಹಡ್ಸನ್' ಎಂದು ಆರಂಭಿಸಿದರು. 2010ರಲ್ಲಿ ಒರಾಕಲ್ ಕಂಪನಿಯು ಸನ್ ಅನ್ನು ಕೊಂಡು, ಹಡ್ಸನ್ ಎಂಬ ಹೆಸರು ತನ್ನದೆಂದಿತು. ಓಪನ್ ಸೋರ್ಸ್ ಪರವಾನಗಿಯಾದ್ದರಿಂದ ತಂತ್ರಾಂಶವನ್ನು ಹಿಡಿದಿಡುವಂತಿರಲಿಲ್ಲ. 2011ರ ಜನವರಿಯಲ್ಲಿ ಬಳಕೆದಾರರು ಮತ್ತು ತಯಾರಕರು 214-14 ಮತಗಳಿಂದ 'ಜೆಂಕಿನ್ಸ್' ಎಂಬ ಹೆಸರನ್ನು ಆರಿಸಿಕೊಂಡು ಹೊರನಡೆದರು. ಹೆಸರು ಒಂದು ಕಡೆ, ಗಿರಾಕಿಗಳು ಇನ್ನೊಂದು ಕಡೆ! ಹಡ್ಸನ್ ಎಕ್ಲಿಪ್ಸ್ ಪ್ರತಿಷ್ಠಾನದ ಕೈ ಸೇರಿ 2017ರಲ್ಲಿ ನಿಂತುಹೋಯಿತು.

ಜೆಂಕಿನ್ಸ್‌ಗೆ ಪರವಾನಗಿ ಶುಲ್ಕವಿಲ್ಲ. ಖರ್ಚಿಲ್ಲವೆಂದು ಇದರ ಅರ್ಥವಲ್ಲ. ಸರ್ವರ್ ಬೇಕು, ಅದನ್ನೂ ಅದರ ಪ್ಲಗಿನ್‌ಗಳನ್ನೂ ಕಾಲಕಾಲಕ್ಕೆ ನವೀಕರಿಸುವ ತಿಳಿದವರು ಬೇಕು. ಇತರ ಸರ್ವರ್‌ಗಳ ಗುಪ್ತಪದಗಳು ಅದರಲ್ಲಿಯೇ ಇರುವುದರಿಂದ ಅಲಕ್ಷ್ಯ ಸಲ್ಲದು. ಸರ್ವರಿನ ಕಡತಗಳನ್ನು ಹೊರಗಿನವರು ಓದಬಹುದಾದ ದೋಷವೊಂದು 2024ರ ಜನವರಿಯಲ್ಲಿ ಪ್ರಕಟವಾಗಿ, 2.442ನೆಯ ಆವೃತ್ತಿಯಲ್ಲಿ ಸರಿಪಡಿಸಲ್ಪಟ್ಟಿತು.

ಸಿದ್ಧ ತಂತ್ರಾಂಶ ಕೊಂಡು ಬಳಸುವ ಅಂಗಡಿಗೆ ಇದನ್ನು ಸ್ಥಾಪಿಸುವ ಅಗತ್ಯವೇನೂ ಇಲ್ಲ. ಹೇಳಿ ಬರೆಯಿಸಿಕೊಳ್ಳುವ ಕಾರ್ಖಾನೆಯವರು ಮಾತ್ರ ತಮ್ಮ ಸರಬರಾಜುದಾರರಿಂದ ತಿದ್ದುಪಡಿಯ ಜೊತೆಗೆ ಪರೀಕ್ಷಾ ವರದಿಯನ್ನೂ, ಯಾವ ಯಂತ್ರಕ್ಕೆ ಯಾವ ಆವೃತ್ತಿ ಎಂದು ಹೋಯಿತೆಂಬ ದಾಖಲೆಯನ್ನೂ ಕೇಳಿ ಪಡೆಯಬಹುದು. ಈ ಷರತ್ತನ್ನು ವಾರ್ಷಿಕ ನಿರ್ವಹಣಾ ಒಪ್ಪಂದದಲ್ಲಿಯೇ ಬರೆಯಿಸುವುದು ಲೇಸು.