ಎರೆಮಣ್ಣಿನ ಮೇಲೆ ಅಂಗಳ ಬಿರಿಯುವುದೇಕೆ?

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಎರೆ ನೆಲದಲ್ಲಿ ಮನೆಯ ಮುಂದಿನ ಕಾಂಕ್ರೀಟ್ ಅಂಗಳ ಕೆಲವೇ ವರ್ಷಗಳಲ್ಲಿ ಉಬ್ಬಿ ಬಿರುಕು ಬಿಡುವುದುಂಟು. ಸಿಮೆಂಟ್ ಕಡಿಮೆಯಾಯಿತೆಂದು ಮೇಸ್ತ್ರಿಯನ್ನು ದೂರುತ್ತೇವೆ. ಆದರೆ ಕಾರಣ ಹೆಚ್ಚಾಗಿ ನೆಲದೊಳಗೇ ಇರುತ್ತದೆ.

ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಖನಿಜದ ಪದರಗಳ ನಡುವೆ ನೀರು ಸೇರಿದಾಗ ಮಣ್ಣು ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಅಂಗಳದ ಅಂಚಿನ ಮಣ್ಣು ಮಳೆಗೆ ನೆನೆದು ಬಿಸಿಲಿಗೆ ಒಣಗುತ್ತದೆ. ನಡುಭಾಗದ ತೇವ ಅಷ್ಟಾಗಿ ಬದಲಾಗದು. ಈ ಏರುಪೇರನ್ನು ತಾಳಲಾರದೆ ಕಾಂಕ್ರೀಟ್ ಸೀಳುತ್ತದೆ.

ಮಣ್ಣಿನ ಗುಣ ತಿಳಿಯಲು ಸುಲಭ ಪರೀಕ್ಷೆಯಿದೆ. ಎರಡು ಅಳತೆ ಜಾಡಿಗಳಿಗೆ ತಲಾ 10 ಗ್ರಾಂ ಒಣಮಣ್ಣಿನ ನುಣ್ಣನೆ ಪುಡಿ ಹಾಕಿ. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ, ಕಲಕಿ, 24 ಗಂಟೆ ಬಿಡಿ. ಸೀಮೆಎಣ್ಣೆಯಲ್ಲಿ ಮಣ್ಣು ಹಿಗ್ಗದು. ಅಲ್ಲಿ 10, ನೀರಿನಲ್ಲಿ 18 ಮಿ.ಲೀ. ಇದ್ದರೆ ಹಿಗ್ಗುವಿಕೆ ಶೇಕಡ 80. ಶೇಕಡ 50 ಮೀರಿದರೆ ಎಚ್ಚರ ಅಗತ್ಯ.

ಹೊಸ ಅಂಗಳಕ್ಕೆ ಮೇಲಿನ ಎರೆಮಣ್ಣು ತೆಗೆದು, ಅಂಟುಗುಣವಿದ್ದೂ ಹಿಗ್ಗದ ಗರಸು ಮಣ್ಣನ್ನು ಪದರ ಪದರವಾಗಿ ದಮ್ಮಸು ಮಾಡಿ. ಬರಿ ಮರಳು ತುಂಬಿದರೆ ಅದರಲ್ಲಿ ನೀರು ನಿಂತು ಕೆಳಗಿನ ಎರೆಯನ್ನು ನೆನೆಸುತ್ತದೆ. ಕಾಂಕ್ರೀಟನ್ನು ಸಣ್ಣ ಚೌಕಗಳಾಗಿ ಹಾಕಿ, ಗೋಡೆಗೆ ಅಂಟದಂತೆ ಸಂದು ಬಿಡಿ, ಇಳಿಜಾರು ಹೊರಕ್ಕಿರಲಿ. ಹಳೆಯ ಬಿರುಕಿಗೆ ಸಿಮೆಂಟ್ ಮೆತ್ತುವ ಮುನ್ನ ಮಾಳಿಗೆ, ಬಚ್ಚಲ ನೀರನ್ನು ಅಂಗಳದಿಂದ ದೂರ ಹರಿಸಿರಿ. ತೇವದ ಏರಿಳಿತ ನಿಲ್ಲದೆ ಬಿರುಕು ನಿಲ್ಲದು.